ಗುಡ್ಡಕ್ಕೆ ಮಣ್ಣು ಹೊತ್ತವಳು

"ಬೋಳೀಮಗಳ, ಮಣ್ಣೆಲ್ಲಾ ಚೆಲ್ಲಿದಿ. ಮತ್ತ ಇಳಿ ಕೆಳಗ."

ಕ್ವಾರಿ ಧಣಿ ನಾಗಪ್ಪ ಗುಡ್ಡದ ಮೇಲೆ ಕುರ್ಚಿ ಹಾಕಿಸಿಕೊಂಡು ಬೈಯುತ್ತಿದ್ದ. ಶಾರದವ್ವ ಖಾಲಿ ಬುಟ್ಟಿ ಹಿಡಿದು ಐದನೇ ಸಲ ಇಳಿದಳು. ಬನವಾಸಿ ಕಡೆಯ ಆ ಗುಡ್ಡವನ್ನು ಹತ್ತು ವರ್ಷ ಕಡಿಸಿ ಅರ್ಧ ನುಂಗಿದವನು ಇದೇ ನಾಗಪ್ಪ. ಈಗ ಪಟ್ಟಣದಿಂದ ಸ್ಫೂರ್ತಿ ಎಂಬ ಕಲಾವಿದೆ ಕ್ಯಾಮೆರಾ ಸಮೇತ ಬಂದಿದ್ದಳು. ಮನುಷ್ಯ ಬೆಟ್ಟಕ್ಕೆ ಮಾಡಿದ ಗಾಯ ತೋರಿಸುವ ಕಲೆಯಂತೆ. ಎಂಟು ಮಂದಿ ಕೂಲಿ ಹೆಂಗಸರು ಮೈಗೆ ಕೆಮ್ಮಣ್ಣು ಬಳಿದುಕೊಂಡು, ಕುಸಿದ ಮಣ್ಣನ್ನು ಮತ್ತೆ ಗುಡ್ಡಕ್ಕೆ ಹೊರಬೇಕು. ಮುಖದಲ್ಲಿ ತಪ್ಪು ಮಾಡಿದ ಭಾವ ಇರಬೇಕು. ಕುರ್ಚಿಯ ಮೇಲಿದ್ದವನಿಗೆ ಯಾರೂ ಮಣ್ಣು ಬಳಿಯಲಿಲ್ಲ.

ಮಣ್ಣು ಸಡಿಲ ಮಾಡಲು ಜೆಸಿಬಿ ತರಿಸಿದ್ದರು. ಶಾರದವ್ವ ಅದರ ಕಡೆ ಬೆನ್ನು ಹಾಕಿಯೇ ಬುಟ್ಟಿ ಹೊರುತ್ತಿದ್ದಳು. ಮೂರು ಮಳೆಗಾಲದ ಹಿಂದೆ ಇಲ್ಲಿ ಗುಡ್ಡ ಕುಸಿದ ದಿನ, ಕೆಲಸಕ್ಕೆ ಬಂದಿದ್ದ ಗಂಡ ಚನ್ನಬಸವ ಮನೆಗೆ ತಿರುಗಲಿಲ್ಲ. ಮಣ್ಣು ತೆಗೆದು ಹುಡುಕಲು ಒಂದು ತಾಸು ಜೆಸಿಬಿ ಬಿಡಿರೆಂದು ಅವಳು ನಾಗಪ್ಪನ ಕಾಲು ಹಿಡಿದಳು. ಚನ್ನಬಸವ ಅವತ್ತು ಕೆಲಸಕ್ಕೇ ಬಂದಿರಲಿಲ್ಲ, ಯಾವಳದೋ ಹಿಂದೆ ಓಡಿಹೋಗಿದ್ದಾನೆ ಎಂದು ನಾಗಪ್ಪ ಪೊಲೀಸರ ಹತ್ತಿರವೂ ಬರೆಸಿದ. ತಾಳಿ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ತಿಳಿಯದೆ ಅವಳು ಅಂದಿನಿಂದ ಜೀವ ಹಿಡಿದಿದ್ದಳು.

ಜೆಸಿಬಿ ತೋಡಿದ ತಗ್ಗಿನ ಅಂಚಿನಲ್ಲಿ ಬುಟ್ಟಿ ತುಂಬುವಾಗ ಕೈಗೆ ಗಟ್ಟಿಯಾದದ್ದು ತಾಗಿತು. ಗಂಡ ಕೊರಳಲ್ಲಿ ಕಟ್ಟುತ್ತಿದ್ದ ಲಿಂಗದ ಕರಡಿಗೆ. ದಾರ ಪೋಣಿಸುವ ಅದರ ಮುರಿದ ಕಿವಿಗೆ ತಾಮ್ರದ ತಂತಿ ಸುತ್ತಿಕೊಟ್ಟವಳು ಅವಳೇ. ದಾರ ಎಳೆದಾಗ ಒಂದು ಎಲುಬೂ ಬಂತು.

"ನನ್ನ ಗಂಡರೀ ಇವ," ಎಂದಳು.

ಸ್ಫೂರ್ತಿ ಓಡಿಬಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು: "ಅಮ್ಮಾ, ಅದನ್ನ ಅಲ್ಲೇ ಮತ್ತೆ ಹೂತುಬಿಡಿ. ಇನ್ನೊಂದ್ಸಲ ತೆಗೀರಿ, ಆಗ ಕ್ಯಾಮೆರಾ ಆ ಕಡೆ ಇತ್ತು."

ಅಷ್ಟರಲ್ಲಿ ನಾಗಪ್ಪ ಇಳಿದು ಬಂದಿದ್ದ. ಅವನ ಮುಖ ಬಿಳಿಚಿತ್ತು. "ನಾಯಿ ಎಲುಬು ಅದು," ಎಂದವನೇ ಜೆಸಿಬಿ ಮೇಲಿದ್ದ ಡ್ರೈವರ್ ಯಾಸೀನನ ಕಡೆ ತಿರುಗಿದ. "ತಗ್ಗು ಮುಚ್ಚಲೇ!"

ಯಾಸೀನ ಬಕೆಟ್ಟಿನ ತುಂಬ ಮಣ್ಣು ಎತ್ತಿದ. ಶಾರದವ್ವ ತಗ್ಗಿಗಿಳಿದು, ಎಲುಬನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕೊರಳ ತಾಳಿ ಬಿಚ್ಚಿ ಕರಡಿಗೆಯ ದಾರಕ್ಕೆ ಗಂಟು ಹಾಕಿದಳು. ಉಳಿದ ಏಳು ಹೆಂಗಸರು ಬುಟ್ಟಿ ಬೋರಲು ಹಾಕಿ ತಗ್ಗಿನ ಸುತ್ತ ನಿಂತರು.

"ಹಾಕು ತಮ್ಮಾ," ಎಂದಳು ಶಾರದವ್ವ. "ನಾನೂ ಓಡಿಹೋದ್ನಿ ಅಂತ ಬರಸ್ಲಿ ಇಂವಾ."

ಬಕೆಟ್ಟು ಅವಳ ತಲೆಯ ಮೇಲೆ ನಿಂತಿತ್ತು. ಅಂಚಿನಿಂದ ಮಣ್ಣು ಉದುರುತ್ತಿತ್ತು. ಯಾಸೀನ ಇನ್ನೂ ಎಂಜಿನ್ ಆರಿಸಿರಲಿಲ್ಲ.