ಮೋಟೆಬೆನ್ನೂರಿನಲ್ಲಿ ನಿಲ್ಲದ ಗಾಡಿ

ಹಾವೇರಿಯ ಅಣ್ಣಾಜಿ ವಕೀಲರಿಗೆ ಸಿಟ್ಟು ಬರುವುದು ಕಡಿಮೆ, ಬಂದದ್ದು ಹೋಗುವುದು ಇನ್ನೂ ಕಡಿಮೆ. ಕೋರ್ಟಿನಲ್ಲಿ ಎದುರಿನ ವಕೀಲರು ಏನೇ ಅಂದರೂ ನಗುತ್ತ ಕೇಳಿಸಿಕೊಳ್ಳುತ್ತಿದ್ದ ಮನುಷ್ಯ, ಮಾವನ ಮನೆಯ ಪಂಕ್ತಿಯಲ್ಲಿ ಬಂದ ಒಂದು ಮಾತನ್ನು ಮಾತ್ರ ವರ್ಷಗಟ್ಟಲೆ ಎದೆಯಲ್ಲಿ ಇಟ್ಟುಕೊಂಡು ಸಾಕಿದರು. ಆ ಮಾತು ಏನೆಂದು ಕೇಳಿದರೆ ನಿಮಗೆ ನಗು ಬಂದೀತು.

ಸಾವಿರದ ಒಂಬೈನೂರಾ ಇಪ್ಪತ್ತೇಳರ ದೀಪಾವಳಿ. ಮದುವೆಯಾದ ಮೊದಲ ವರ್ಷ. ಹೊಸ ಅಳಿಯನನ್ನು ಹಬ್ಬಕ್ಕೆಂದು ಮೋಟೆಬೆನ್ನೂರಿಗೆ ಕರೆಸಿದ್ದರು. ಮಾವ ಸದಾಶಿವರಾಯರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯ ಅಳಿಯ ಧಾರವಾಡದಲ್ಲಿ ಸರಕಾರಿ ನೌಕರ, ಅವನೂ ಬಂದಿದ್ದ. ಹೊಸ ಅಳಿಯನಿಗೆ ಮೊದಲ ಮಾನ ಸಲ್ಲಬೇಕಾದ ದಿನ ತುಪ್ಪದ ಗಿಂಡಿ ಹಿರಿಯ ಅಳಿಯನ ಎಲೆಯ ಹತ್ತಿರ ಮೊದಲು ಹೋಯಿತು. ಅಷ್ಟೇ ಆಗಿದ್ದರೆ ಅಣ್ಣಾಜಿ ನುಂಗಿಕೊಳ್ಳುತ್ತಿದ್ದರೇನೋ. ಸದಾಶಿವರಾಯರು ಮೊದಲೇ ಚೇಷ್ಟೆಯ ಮನುಷ್ಯ. "ಇರಲಿ ಬಿಡ್ರಿ, ನಮ್ಮ ಸಣ್ಣ ಅಳಿಯಂದ್ರಿಗೆ ಕಾಯೋದು ರೂಢಿ ಅದ. ದಿನಾ ಕಕ್ಷಿಗಾರರ ದಾರಿ ಕಾಯತಾರಲ್ಲ," ಎಂದುಬಿಟ್ಟರು. ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು.

ಆಗಿನ್ನೂ ಅಣ್ಣಾಜಿಯವರ ವಕೀಲಿಕೆ ಕಣ್ಣು ಬಿಡುತ್ತಿತ್ತು. ಮಾತು ನೆಟ್ಟಗೆ ಹೋಗಿ ನೋವಿದ್ದಲ್ಲಿಯೇ ನಾಟಿತು. ಅರ್ಧ ಊಟಕ್ಕೆ ಎದ್ದರು. ಅತ್ತೆ ಗೋದೂಬಾಯಿ ಬಡಿಸುವ ಪಾತ್ರೆ ಕೈಯಲ್ಲಿಯೇ ಹಿಡಿದುಕೊಂಡು ಹಿಂದೆ ಓಡಿ ಬಂದರು. ಬಾಗಿಲಲ್ಲಿ ನಿಂತು ಅಳಿಯ ಹೇಳಿದ್ದು ಇಷ್ಟೇ: "ಇನ್ನ ಮುಂದ ಈ ಊರಾಗ ನನ್ನ ಗಾಡಿ ನಿಂದ್ರೂದಿಲ್ಲ."

ಹೇಳಿ ಹೋಗಿದ್ದರೆ ಹೋಗಲಿ, ಆ ಊರು ಬೇರೆ ದಿಕ್ಕಿಗಾದರೂ ಇತ್ತೇ? ಹಾವೇರಿಯಿಂದ ಏಳೆಂಟು ಮೈಲಿ, ಹೆದ್ದಾರಿಯ ಮೇಲೆಯೇ. ವಕೀಲರ ಮನೆದೇವರು ಕದರಮಂಡಲಗಿಯ ಆಂಜನೇಯ. ಡಿಸೆಂಬರಿನ ಕೊನೆಗೆ ನಾತಾಳ ಸೂಟಿಗೆ, ಅಂದರೆ ಕ್ರಿಸ್‌ಮಸ್ ರಜೆಗೆ, ಕೋರ್ಟು ಬಾಗಿಲು ಹಾಕಿದ ಮರುದಿನ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗಿಬರುವುದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ಕದರಮಂಡಲಗಿಗೆ ಬ್ಯಾಡಗಿಯ ಮೇಲೆ ಹೋಗಬೇಕು, ಬ್ಯಾಡಗಿಗೆ ಮೋಟೆಬೆನ್ನೂರಿನ ಮೇಲೆ ಹೋಗಬೇಕು. ಹೀಗಾಗಿ ವರ್ಷವರ್ಷವೂ ಹೆಂಡತಿ ಮಥುರಾಬಾಯಿಯನ್ನು ಗಾಡಿಯಲ್ಲಿ ಕೂಡಿಸಿಕೊಂಡು, ಆಕೆಯ ತವರಿನ ನಡುವೆಯೇ ನಿಲ್ಲದೆ ಹಾದುಹೋಗುವುದು ನಡೆಯಿತು.

ಮಥುರಾಬಾಯಿ ಒಂದು ದಿನವೂ ನಿಲ್ಲಿಸಿರಿ ಎನ್ನಲಿಲ್ಲ. ಗಂಡನಿಗೆ ಅವಮಾನವಾದ ಮನೆಗೆ ಅವರನ್ನು ಬಿಟ್ಟು ಹೋಗುವ ಹೆಣ್ಣಲ್ಲ ಆಕೆ. ಎರಡೂ ಬಾಣಂತನ ಹಾವೇರಿಯಲ್ಲಿ ತನ್ನ ಅತ್ತೆಯ ಕೈಯಲ್ಲಿಯೇ ಆದವು. ವಕೀಲರೂ ಹೋಗಬೇಡ ಎಂದು ಬಾಯಿಬಿಟ್ಟು ಹೇಳಿದವರಲ್ಲ. ಹೇಳಿಲ್ಲವಲ್ಲ, ಮತ್ತೆ ನನ್ನದೇನು ತಪ್ಪು ಎಂದು ತಮ್ಮ ಪರವಾಗಿ ತಾವೇ ವಾದ ಮಾಡಿಕೊಳ್ಳುತ್ತಿದ್ದರು. ಆ ಖಟ್ಲೆಯಲ್ಲಿ ಎದುರಿನ ವಕೀಲ ಇರಲಿಲ್ಲ, ಅದಕ್ಕೇ ಗೆಲ್ಲುತ್ತಿದ್ದರು.

ಆದರೆ ಎತ್ತಿನ ಗಾಡಿ ಅವಸರ ಮಾಡುವುದಿಲ್ಲ. ಅದೇ ಮಥುರಾಬಾಯಿಯ ಪುಣ್ಯ. ನಸುಕಿನಲ್ಲಿ ಹಾವೇರಿ ಬಿಟ್ಟರೆ ಬಿಸಿಲೇರುವ ಹೊತ್ತಿಗೆ ಮೋಟೆಬೆನ್ನೂರಿನ ಹಳ್ಳದ ಸೇತುವೆ. ಅಲ್ಲಿ ಗೋದೂಬಾಯಿ ನಿಂತಿರುತ್ತಿದ್ದರು. ಗಾಡಿ ನಿಲ್ಲುತ್ತಿರಲಿಲ್ಲ. ಅವರು ಗಾಡಿಯ ಹಿಂದಿನ ಹಲಗೆ ಹಿಡಿದುಕೊಂಡು ಜೊತೆಗೆ ನಡೆಯುತ್ತಿದ್ದರು. ಸೇತುವೆಯಿಂದ ಬ್ಯಾಡಗಿಯ ದಾರಿ ಒಡೆಯುವ ಬೇವಿನ ಮರದವರೆಗೆ, ಎರಡು ಫರ್ಲಾಂಗು. ವರ್ಷದ ಮಾತೆಲ್ಲ ಅಷ್ಟರಲ್ಲಿ ಮುಗಿಯಬೇಕು.

"ಮಥುರಾ, ಕೈ ಯಾಕಿಷ್ಟು ಸೊರಗ್ಯಾವ? ಉಣ್ತೀಯೋ ಇಲ್ಲೋ?"

"ಉಣ್ತೀನವಾ. ನಿನ್ನ ಮಣಕಾಲು ಹ್ಯಾಂಗವ?"

"ನಡಿಲಿಕ್ಕೆ ಹತ್ತೀನಲ್ಲ, ಕಾಣವಲ್ದೇನು?"

ಇಂಥ ಮಾತೇ. ಎಮ್ಮೆ ಈದದ್ದು, ಮಗ ಸುರೇಶನಿಗೆ ಹಲ್ಲು ಬಂದದ್ದು, ಮಗಳು ಇಂದಿರೆಗೆ ದಡಾರ ಎದ್ದು ಹೋದದ್ದು. ಉಂಡಿಯ ಡಬ್ಬಿಯೊಂದು, ಹೊಲದಿಂದ ಕಿತ್ತು ತಂದ ಹಸಿ ಕಡಲೆಯ ಹೊರೆಯೊಂದು ನಡೆಯುತ್ತಲೇ ಗಾಡಿಯೊಳಗೆ ಬರುತ್ತಿದ್ದವು. ಗಾಡಿ ಹೊಡೆಯುವ ಫಕ್ಕೀರೇಶ ಸೇತುವೆ ಕಂಡದ್ದೇ ತಡ, ವರ್ಷಕ್ಕೊಂದು ನೆವ ತೆಗೆಯುತ್ತಿದ್ದ. "ಬಲಗಡಿ ಎತ್ತು ಕುಂಟಾಕತ್ತೈತ್ರಿ ಸಾಹೇಬ್ರ, ಸಾವಕಾಸ ಹೋಗೂಣ್ರಿ." ಎತ್ತು ಎಲ್ಲಿ ಕುಂಟುತ್ತಿತ್ತು? ವಕೀಲರಿಗೆ ಎಲ್ಲ ತಿಳಿಯುತ್ತಿತ್ತು. ಮುಂದೆ ಕೂತು ಮುಖಕ್ಕೆ ವರ್ತಮಾನಪತ್ರ ಹಿಡಿದುಕೊಂಡು ಸುಮ್ಮನಿರುತ್ತಿದ್ದರು. ಹಾಗೆ ಸುಮ್ಮನಿರುವುದನ್ನೇ ದೊಡ್ಡ ಉಪಕಾರವೆಂದು ತಿಳಿದಿದ್ದರು. ಮೂರನೆಯ ದಿನ ತಿರುಗಿ ಬರುವಾಗ ಗೋದೂಬಾಯಿ ಮತ್ತೆ ಆ ಬೇವಿನ ಮರದ ಹತ್ತಿರ ನಿಂತಿರುತ್ತಿದ್ದರು, ಮತ್ತೆ ಸೇತುವೆಯವರೆಗೆ ನಡೆಯುತ್ತಿದ್ದರು.

ಹೀಗೆ ಹನ್ನೊಂದು ಚಳಿಗಾಲ ಕಳೆದವು. ವಕೀಲಿಕೆ ಕೈಹಿಡಿಯಿತು. ಮೂವತ್ತೆಂಟರಲ್ಲಿ ಅಣ್ಣಾಜಿ ವಕೀಲರು ಹುಬ್ಬಳ್ಳಿಯಿಂದ ಒಂದು ಹಳೆಯ ಮೋಟಾರು ತಂದರು. ಅದರ ಸಂಭ್ರಮ ಏನು ಹೇಳಲಿ. ತಾವೇ ನಡೆಸಲು ಕಲಿತರು. ಎತ್ತು ಮಾರಿದರು, ಫಕ್ಕೀರೇಶ ಸ್ವಂತದ್ದೊಂದು ಗಾಡಿ ಮಾಡಿಕೊಂಡು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೇರುವ ಕೆಲಸಕ್ಕೆ ಹೋದ. ಆ ವರ್ಷದ ನಾತಾಳ ಸೂಟಿಗೆ ವಕೀಲರು ಮಕ್ಕಳ ಮುಂದೆ ದೊಡ್ಡ ಬೇತು ಹೇಳಿದರು: ಒಂದೇ ದಿನದಲ್ಲಿ ಬ್ಯಾಡಗಿ, ಕದರಮಂಡಲಗಿ, ಅಲ್ಲಿಂದ ರಾಣೇಬೆನ್ನೂರು, ಹೆದ್ದಾರಿ ಹಿಡಿದು ಸಂಜೆಗೆ ಮನೆ. ಬುತ್ತಿ ಒಂದು ಹೊತ್ತಿನದು ಸಾಕು.

ಎಳೆಬಿಸಿಲಿನಲ್ಲಿಯೇ ಸೇತುವೆ ಬಂತು. ಗೋದೂಬಾಯಿ ನಿಂತಿದ್ದರು. ಹಾವೇರಿಯ ದಿಕ್ಕಿಗೆ ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಎತ್ತಿನ ಗಾಡಿ. ವಕೀಲರು ಹಾರ್ನು ಒತ್ತಿದರು. ಯಾರೋ ಸಾಹೇಬರ ಮೋಟಾರು ಎಂದುಕೊಂಡು ಅವರು ಹೆದರಿ ದಾರಿ ಬಿಟ್ಟು ಇಳಿದರು, ಧೂಳಿಗೆ ಸೆರಗು ಮುಖದ ಮೇಲೆ ಎಳೆದುಕೊಂಡು ಆ ಕಡೆ ತಿರುಗಿ ನಿಂತರು.

"ಅಪ್ಪಾ, ಅಜ್ಜಿ," ಎಂದ ಸುರೇಶ.

ಮಥುರಾಬಾಯಿ ಮೋಟಾರಿನ ಬಾಗಿಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅಣ್ಣಾಜಿಯವರ ಕಾಲು ಬ್ರೇಕಿನ ಕಡೆಗೆ ಹೋದದ್ದು ಖರೆ. ಇದನ್ನು ಆಮೇಲೆ ಅವರು ಎಷ್ಟು ಸಲ ನೆನೆಸಿದರೋ ಲೆಕ್ಕವಿಲ್ಲ. ಕಾಲು ಹೋಯಿತು. ಅಷ್ಟರಲ್ಲಿ ದಾರಿಯ ಪಕ್ಕದ ಚಹದಂಗಡಿಯ ಮುಂದೆ ನಾಲ್ಕು ಜನ ಎದ್ದು ನಿಂತು ಮೋಟಾರು ನೋಡುತ್ತಿರುವುದು ಕಂಡಿತು. ಮೋಟಾರಿನಲ್ಲಿ ಹೊರಟ ಮೊದಲ ಸಲವೇ ಮಾವನ ಊರಲ್ಲಿ ನಿಂತರೆ ಜನ ಏನೆಂದಾರು? ಬರುವಾಗ ಹಗುರ ಹೋದರಾಯಿತು ಎಂದುಕೊಂಡರು. ಎರಡು ಫರ್ಲಾಂಗು ಎರಡು ಉಸಿರಿನಲ್ಲಿ ಮುಗಿಯಿತು.

ಬರುವಾಗ ಅವರು ಬ್ಯಾಡಗಿಯ ದಾರಿಯಿಂದ ಬರಲಿಲ್ಲವಲ್ಲ. ರಾಣೇಬೆನ್ನೂರಿನಲ್ಲಿ ಗೆಳೆಯ ವಿರೂಪಾಕ್ಷಪ್ಪನವರಿಗೆ ಮೋಟಾರು ತೋರಿಸಿ, ಅವರ ಮಕ್ಕಳನ್ನು ಒಂದು ಸುತ್ತು ತಿರುಗಿಸಿ, ಹೆದ್ದಾರಿ ಹಿಡಿದು ಹೊತ್ತು ಮುಳುಗುವಾಗ ಮೋಟೆಬೆನ್ನೂರಿಗೆ ಬಂದರು. ಸೇತುವೆಯ ಹತ್ತಿರ ನಿಧಾನ ಮಾಡಿದರು. ಯಾರೂ ಇರಲಿಲ್ಲ. ಮಥುರಾಬಾಯಿ ಮಡಿಲಲ್ಲಿ ಮಲಗಿದ್ದ ಇಂದಿರೆಯ ಮೇಲೆ ಶಾಲು ಹೊದಿಸುತ್ತ ಕೂತಿದ್ದಳು.

ಸಂಕ್ರಮಣ ಮುಗಿದ ಮೇಲೆ ಒಂದು ದಿನ ಫಕ್ಕೀರೇಶ ಹಾವೇರಿಗೆ ಬಂದವನು ಕೋರ್ಟಿನ ಅಂಗಳದಲ್ಲಿ ವಕೀಲರಿಗೆ ಸಿಕ್ಕ. ಅದು ಇದು ಮಾತಾಡಿ, ತಲೆ ಕೆರೆದುಕೊಂಡು, ಕಡೆಗೆ ಹೇಳಿದ.

"ಅವ್ವಾರು ಮೂರು ದಿನ ನಿಂತಿದ್ರಂತ್ರಿ. ಮೊದಲನೇ ದಿನ ಸೇತುವಿ ಹತ್ರ, ಆಮ್ಯಾಲ ಆ ಬೇವಿನ ಗಿಡದ ಕೆಳಗ. ಹೋಗೂದು ತಪ್ಪಿದ್ರೂ ಬರೂದರ ಸಿಕ್ಕೀತು ಅಂತ. ಮೂರನೇ ದಿನ ನಾ ಚೀಲ ಹೇರಕೊಂಡು ಹೊಂಟಿದ್ದೆ. ನನ್ನ ನೋಡಿ, ನೀ ಯಾಕ ಇಲ್ಲಿ, ಗಾಡಿ ಯಾಕ ಬರಲಿಲ್ಲ, ಮಥುರಾಗ ಆರಾಮ ಇಲ್ಲೇನು ಅಂತ ಕೇಳಿದ್ರು. ಮೋಟಾರ ತಗೊಂಡಾರ್ರಿ ಅವ್ವಾರ ಅಂದೆ. ಆಗ ತಿಳೀತ್ರಿ ಅವ್ರಿಗೆ, ಅವತ್ತ ಮೋಟಾರಿನ್ಯಾಗ ಹೋದದ್ದು ನೀವ ಅಂತ."

"ಏನಂದ್ರು?"

"ಮೋಟಾರ ನಡುವ ಎಲ್ಲಿ ಬೇಕಾದಲ್ಲಿ ನಿಂದರಾಕ ಬರತೈತೇನೋ ಫಕ್ಕೀರೇಶ, ಅಂತ ಕೇಳಿದ್ರು." ಅವನು ವಕೀಲರ ಮುಖ ನೋಡಲಿಲ್ಲ. "ಬರೂದಿಲ್ರಿ ಅಂದೆ. ನಾ ಮತ್ತೇನು ಹೇಳ್ಲಿ?"

ಆ ಮಧ್ಯಾಹ್ನ ವಕೀಲರಿಗೆ ಒಂದು ಸಾಕ್ಷಿಯನ್ನೂ ಸರಿಯಾಗಿ ಕೇಳಲಾಗಲಿಲ್ಲ. ಈ ಸಲದ ನಾತಾಳಕ್ಕೆ ನಿಲ್ಲಿಸಿಯೇ ನಿಲ್ಲಿಸುತ್ತೇನೆ, ನಾನೇ ಇಳಿದು ಅತ್ತೆಯ ಕಾಲಿಗೆ ಬೀಳುತ್ತೇನೆ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದರು. ನಾತಾಳಕ್ಕೆ ಹನ್ನೊಂದು ತಿಂಗಳಿತ್ತು. ಮೋಟೆಬೆನ್ನೂರು ಅರ್ಧ ತಾಸಿನ ದಾರಿ. ಅಂದೇ ಸಂಜೆ ಹೆಂಡತಿಯನ್ನು ಕೂಡಿಸಿಕೊಂಡು ಹೊರಟಿದ್ದರೆ ದೀಪ ಹಚ್ಚುವುದರೊಳಗೆ ಬಾಗಿಲಲ್ಲಿರುತ್ತಿದ್ದರು. ಯಾಕೆ ಹೊರಡಲಿಲ್ಲ? ಸುಮ್ಮನೆ ಹೋದರೆ ಸೋತು ಹೋದಂತೆ, ದೇವರ ದಾರಿಯಲ್ಲಿ ನಿಂತರೆ ದೊಡ್ಡತನ. ಬುದ್ಧಿವಂತರ ತಲೆಯಲ್ಲಿ ಎಂತೆಂಥ ಹುಳ ಇರುತ್ತವೆ ನೋಡಿ. ಮಥುರಾಬಾಯಿಗೂ ಏನೂ ಹೇಳಲಿಲ್ಲ.

ಶ್ರಾವಣದಲ್ಲಿ ಒಂದು ಮುಂಜಾನೆ ಫಕ್ಕೀರೇಶನೇ ಗಾಡಿ ಹೊಡೆದುಕೊಂಡು ಮನೆಗೆ ಬಂದ. ಮಳೆಗೆ ಪೂರ್ತಿ ತೊಯ್ದಿದ್ದ. ಗೋದೂಬಾಯಿಗೆ ಎಂಟು ದಿನದಿಂದ ಜ್ವರ, ಮಗಳನ್ನು ಕರೆತಾ ಎಂದು ರಾಯರು ಕಳಿಸಿದ್ದರು. ಕೆಸರಿನಲ್ಲಿ ಗಾಡಿ ಬರುವುದಕ್ಕೆ ಐದು ತಾಸು ಹಿಡಿದಿತ್ತು. ಮೋಟಾರು ಮುಕ್ಕಾಲು ತಾಸಿನಲ್ಲಿ ಮೋಟೆಬೆನ್ನೂರಿಗೆ ಹೋಗಿ ಸದಾಶಿವರಾಯರ ಬಾಗಿಲ ಮುಂದೆ ನಿಂತಿತು. ಒಳಗೆ ಹೆಂಗಸರು ಅಳುತ್ತಿದ್ದದ್ದು ಬೀದಿಗೆ ಕೇಳುತ್ತಿತ್ತು. ಜೀವ ಹೋಗಿ ಒಂದು ತಾಸಾಗಿತ್ತು.

ಮಥುರಾಬಾಯಿ ತಾಯಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು ಕೂತಳು. ಅಳಲಿಲ್ಲ, ಕೂದಲು ನೇವರಿಸುತ್ತ ಕೂತಳು. ಅಣ್ಣಾಜಿಯವರು ಹೊಸ್ತಿಲ ಹತ್ತಿರ ನಿಂತಿದ್ದರು. ಸದಾಶಿವರಾಯರು ಬಂದು ಕೈ ಹಿಡಿದು ಒಳಗೆ ಕರೆದುಕೊಂಡರು. ಬಹಳ ಮುದುಕರಾಗಿದ್ದರು.

"ಮಾವಾರ, ನಾ ಅವತ್ತ ಆಡಿದ ಮಾತು..." ಎಂದರು ಅಣ್ಣಾಜಿ.

"ಅದು ನಂದ ತಪ್ಪು. ನಾಲಿಗಿಗೆ ಎಲುಬಿಲ್ಲ ನಂದು," ಎಂದರು ರಾಯರು. "ಎಷ್ಟೋ ಸಲ ನಿಮ್ಮ ಕಡೆ ಬಂದು ಕೈ ಮುಗೀಬೇಕಂತ ಹೊಂಟೀನಿ. ಈಕಿನ ಬಿಡಲಿಲ್ಲ. ಅಳಿಯಂದ್ರು ಒಳ್ಳೆಯವರಿದ್ದಾರ, ಸೇತುವಿ ಬಂತಂದ್ರ ಎತ್ತು ಹಗೂರ ನಡಸಂತ ಆಳಿಗೆ ಹೇಳ್ತಾರ, ಮಾತು ಆಡೀನಲ್ಲಾ ಅಂತ ನಿಂದ್ರವಲ್ರು ಅಷ್ಟ, ಇಂದಿಲ್ಲ ನಾಳೆ ತಾವಾಗೇ ಬರ್ತಾರ, ನೀವು ಹೋಗಿ ಅವರಿಗೆ ನಾಚಿಕಿ ಮಾಡಬ್ಯಾಡ್ರಿ ಅಂತಿದ್ಲು." ರಾಯರು ಧೋತರದ ಅಂಚಿನಿಂದ ಕಣ್ಣು ಒರೆಸಿಕೊಂಡರು. "ಹ್ವಾದ ವರ್ಷಾನೂ ಅದ ಮಾತು. ಮೋಟಾರು ನಡುವ ನಿಂದರಲಿಕ್ಕೆ ಬರೂದಿಲ್ಲಂತ, ಪಾಪ ಅವರರ ಏನು ಮಾಡ್ಯಾರು ಅಂದ್ಲು."

ಬಾಗಿಲ ಹೊರಗೆ ಮೋಟಾರು ನಿಂತಿತ್ತು. ಊರ ಹುಡುಗರು ಸುತ್ತಲೂ ನೆರೆದು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮಥುರಾಬಾಯಿ ತಲೆ ಎತ್ತಿ ಗಂಡನ ಮುಖ ನೋಡಿದಳು. ಎತ್ತು ನಿಧಾನ ಮಾಡಿದ್ದು ಯಾರೆಂದು ಆಕೆಗೆ ಗೊತ್ತು. ಹೇಳಿಬಿಡಬೇಕು, ಅದು ನಾನಲ್ಲ, ಫಕ್ಕೀರೇಶ ಎಂದು ಈಗಲಾದರೂ ಹೇಳಿಬಿಡಬೇಕು ಎಂದು ಅಣ್ಣಾಜಿಯವರ ಬಾಯಿಯವರೆಗೆ ಬಂತು. ಬಂದದ್ದು ಅಲ್ಲಿಯೇ ಉಳಿಯಿತು. ಮಥುರಾಬಾಯಿಯೂ ತಂದೆಗೆ ಏನೂ ಹೇಳದೆ ಮತ್ತೆ ತಾಯಿಯ ಕಡೆಗೆ ತಿರುಗಿದಳು.

ರಾಯರನ್ನು ಹಿರಿಯ ಮಗಳು ಧಾರವಾಡಕ್ಕೆ ಕರೆದುಕೊಂಡು ಹೋದಳು. ಮನೆಗೆ ಕೀಲಿ ಬಿತ್ತು.

ಆ ವರ್ಷ ನಾತಾಳ ಸೂಟಿ ಬಂದಾಗ ವಕೀಲರಿಗೆ ಹೊರಡುವ ಮನಸ್ಸಿರಲಿಲ್ಲ. ಮಥುರಾಬಾಯಿಯೇ ಬುತ್ತಿ ಕಟ್ಟಿದಳು, ದೇವರ ಪದ್ಧತಿ ಬಿಡಬಾರದು ಎಂದಳು. ದಾರಿಯುದ್ದಕ್ಕೂ ಜೋಳ ಎದೆಮಟ್ಟ ಬೆಳೆದು ನಿಂತಿತ್ತು. ಮಕ್ಕಳು ಯಾವ ಹೊಲದಲ್ಲಿ ಗಿಣಿ ಹೆಚ್ಚು ಎಂದು ಎಣಿಸುತ್ತಿದ್ದರು. ಅಣ್ಣಾಜಿಯವರು ಮೋಟಾರು ನಡೆಸುತ್ತಿದ್ದರು. ಸೇತುವೆಯ ಹತ್ತಿರ ನಿಲ್ಲಿಸಬೇಕು, ಹೆಂಡತಿಯ ಜೊತೆ ಇಳಿದು ಬೇವಿನ ಮರದವರೆಗೆ ನಡೆದು ಹೋಗಬೇಕು, ಆ ಎರಡು ಫರ್ಲಾಂಗಿನಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಬೇಕು ಎಂದು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಕೂಡಿಸಿಟ್ಟಿದ್ದರು. ಚಹದಂಗಡಿಯವರು ನೋಡಿದರೆ ನೋಡಲಿ, ಊರೆಲ್ಲ ಬಂದು ನಿಂತು ನೋಡಲಿ.

ಸೇತುವೆ ಕಂಡಿತು. ಅವರು ಬ್ರೇಕಿನ ಮೇಲೆ ಕಾಲಿಟ್ಟರು. ಮೋಟಾರು ಎತ್ತಿನ ನಡಿಗೆಗೆ ಇಳಿಯಿತು.

"ಇಲ್ಲೆ ಯಾಕ ನಿಂದರಸ್ತೀರಿ?" ಎಂದಳು ಮಥುರಾಬಾಯಿ.

"ಸ್ವಲ್ಪ ಇಳದು..." ಅಣ್ಣಾಜಿಯವರು ಬೇವಿನ ಮರದ ಕಡೆ ನೋಡಿದರು. "ನೀ ಇಳೀತಿ ಏನು ಅಂತ."

ಆಕೆ ಸೇತುವೆಯ ಕಡೆ ನೋಡಲಿಲ್ಲ. ಸಿಟ್ಟಿನಿಂದಲೂ ಹೇಳಲಿಲ್ಲ, ಮನೆಯಲ್ಲಿ ಕಿಟಕಿ ಹಾಕಿರಿ ಎನ್ನುವಷ್ಟೇ ಮೆಲ್ಲಗೆ ಹೇಳಿದಳು.

"ಬ್ಯಾಡ್ರಿ. ಈ ಊರು ಲಗೂ ದಾಟಿಸಿ ಬಿಡ್ರಿ."

ಆ ದಾರಿಯಲ್ಲಿ ಹನ್ನೆರಡು ವರ್ಷದಲ್ಲಿ ಆಕೆ ಗಂಡನನ್ನು ಬೇಡಿದ್ದು ಅದೊಂದೇ. ಅಣ್ಣಾಜಿಯವರು ಅದನ್ನು ನಡೆಸಿಕೊಟ್ಟರು.