ಎಡಹುಬ್ಬಿನ ಗಾಯ

"ನೀವು ಹೊಂದಿಸಿಕೊಟ್ಟ ಕೋವಿ ನಿಮ್ಮ ಮಗಳನ್ನೇ ಕಚ್ಚಿದೆ ನೋಡಿ," ಎನ್ನುತ್ತಾ ಬ್ರೆಂಟ್ ರೈಫಲನ್ನು ಮೇಜಿನ ಮೇಲೆ ಧಡಕ್ಕನೆ ಇಟ್ಟ.

ಆರ್ವಲ್ ತಲೆ ಎತ್ತಿದ. ಅಳಿಯನ ಹಿಂದೆ, ಅಂಗಡಿಯ ಬಾಗಿಲಿಗೇ ಒರಗಿಕೊಂಡು ಮಗಳು ಟೆಸ್ ನಿಂತಿದ್ದಳು. ಕಿತ್ತಳೆ ಬಣ್ಣದ ಬೇಟೆಯ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡಿದ್ದಳು.

"ಎಲ್ಲಿ, ಇತ್ತ ಬಾ ನೋಡೋಣ."

"ಏನಿಲ್ಲಪ್ಪಾ. ಸಣ್ಣ ಗಾಯ."

"ಸಣ್ಣದೇನು, ನಾಲ್ಕು ಹೊಲಿಗೆ!" ಎಂದ ಬ್ರೆಂಟ್. "ಭಾನುವಾರ ಗುರಿ ಅಭ್ಯಾಸಕ್ಕೆ ಕರ್ಕೊಂಡು ಹೋಗಿದ್ದೆ. ಮೊದಲನೇ ಗುಂಡಿಗೇ ದುರ್ಬೀನು ಬಂದು ಮುತ್ತು ಕೊಡ್ತು. ನಲವತ್ತು ವರ್ಷದಿಂದ ಇದೇ ಕೆಲಸ ಅಂತೀರಿ, ಸ್ವಂತ ಮಗಳ ಕೋವಿಗೆ ದುರ್ಬೀನು ಸರಿಯಾಗಿ ಕೂರಿಸೋಕಾಗಲಿಲ್ವಾ?"

ವ್ಯೋಮಿಂಗ್‌ನ ಆ ಕಣಿವೆಯಲ್ಲಿ ದುರ್ಬೀನು ಕಚ್ಚುವುದು ಹೊಸ ಸುದ್ದಿಯೇನಲ್ಲ. ಕೋವಿ ಹಿಂದಕ್ಕೆ ಒದೆಯುವಾಗ ಕಣ್ಣು ತೀರ ಹತ್ತಿರವಿದ್ದರೆ ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ಅರ್ಧ ಬಳೆಯಾಕಾರದಲ್ಲಿ ಸೀಳಿಬಿಡುತ್ತದೆ. ಪಾದ್ರಿಯ ಹುಬ್ಬಿನ ಮೇಲೂ ಅಂಥದೊಂದು ಕಲೆಯಿತ್ತು. ಯಾರ ಹಣೆಯಲ್ಲಿ ಹೊಸ ಗಾಯ ಕಂಡರೂ ಜನ ನಕ್ಕು ಬೆನ್ನು ತಟ್ಟುತ್ತಿದ್ದರೇ ಹೊರತು ಹೇಗಾಯಿತು ಎಂದು ಕೇಳುತ್ತಿರಲಿಲ್ಲ.

ಆದರೆ ಆರ್ವಲ್‌ನ ಅಂಗಡಿಯಿಂದ ಹೋದ ಕೋವಿ ಇದುವರೆಗೆ ಯಾರನ್ನೂ ಕಚ್ಚಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಹತ್ತಿ ಗಂಟುಗಂಟಾದ ಒಂದು ಹಳೇ ಹಾಸಿಗೆ ಬಿದ್ದಿರುತ್ತಿತ್ತು. ಎಂಥ ದೊಡ್ಡ ಮನುಷ್ಯನೇ ಬರಲಿ, ಅದರ ಮೇಲೆ ಕೋವಿ ಹಿಡಿದು ಬೋರಲು ಮಲಗದೆ ಕೋವಿ ಒಯ್ಯುವಂತಿರಲಿಲ್ಲ. "ಕಣ್ಣು ಮುಚ್ಚು," ಎನ್ನುತ್ತಿದ್ದ ಆರ್ವಲ್. "ಕೆನ್ನೆ ಮರಕ್ಕೆ ಆನಿಸು. ಆರಾಮಾಯ್ತಾ? ಈಗ ಕಣ್ಣು ಬಿಡು." ಕಣ್ಣು ಬಿಟ್ಟಾಗ ದುರ್ಬೀನಿನ ತುಂಬ ಬೆಳಕು ಕಾಣಬೇಕು. ಅಂಚಿನಲ್ಲಿ ಒಂದು ಕೂದಲೆಳೆಯಷ್ಟು ಕಪ್ಪು ಕಂಡರೂ ಮತ್ತೆ ತಿರುಪು ಸಡಿಲಿಸಿ, ಮತ್ತೆ ಸರಿಸಿ, ಮತ್ತೆ ಮಲಗಿಸುತ್ತಿದ್ದ. ಎಲ್ಲ ಸರಿಹೋದ ಮೇಲೆ, ತೀರಿಕೊಂಡ ಹೆಂಡತಿಯ ಉಗುರುಬಣ್ಣದ ಸೀಸೆ ತೆಗೆದು, ದುರ್ಬೀನು ಮತ್ತು ಅದನ್ನು ಹಿಡಿದ ಉಕ್ಕಿನ ಬಳೆ ಎರಡನ್ನೂ ಸೇರಿಸಿ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ದುರ್ಬೀನು ಒಂದಿಷ್ಟು ಅಲುಗಿದರೂ ಗೆರೆ ಮುರಿಯುತ್ತದೆ.

"ನನ್ನದೂ ತಂದಿದೀನಿ," ಎಂದ ಬ್ರೆಂಟ್. ಉದ್ದ ನಳಿಗೆಯ, ಜೋರಾಗಿ ಒದೆಯುವ ಹೊಸ ಮ್ಯಾಗ್ನಮ್ ಕೋವಿ, ಪೆಟ್ಟಿಗೆಯಿಂದ ಇನ್ನೂ ತೆಗೆಯದ ದುರ್ಬೀನು. "ಏಳುನೂರು ಗಜಕ್ಕೆ ಎಲ್ಕ್ ಬೀಳಬೇಕು. ಶನಿವಾರ ಬೇಟೆ ಶುರು. ಶುಕ್ರವಾರ ಕೊಡ್ತೀರಲ್ಲ? ನಿಮ್ಮ ಹಾಸಿಗೆ ನಾಟಕ ಎಲ್ಲ ನಂಗೆ ಬೇಡ, ಮೊದಲೇ ಹೇಳಿದೀನಿ." ಪಿಕಪ್‌ಗೆ ಡೀಸೆಲ್ ಹಾಕಿಸಿಕೊಂಡು ಬರುವುದಾಗಿ ಹೇಳಿ ಹೊರಟುಹೋದ.

ಆರ್ವಲ್ ಮೊದಲು ನೋಡಿದ್ದು ಕೋವಿಯನ್ನೇ. ಅಂಥ ಮನುಷ್ಯ ಅವನು, ಏನು ಮಾಡುವುದು. ಮಗಳ ನೋವಿಗಿಂತ ಮೊದಲು ತನ್ನ ಕೈಕೆಲಸಕ್ಕೆ ಬಂದ ಕೆಟ್ಟ ಹೆಸರೇ ಅವನ ಎದೆಗೆ ಚುಚ್ಚಿತ್ತು. ಕನ್ನಡಕ ಏರಿಸಿ, ದೀಪ ಹತ್ತಿರಕ್ಕೆ ಎಳೆದುಕೊಂಡು ಬಗ್ಗಿದ. ಕೆಂಪು ಗೆರೆ ಎಳೆದ ದಿನ ಇದ್ದ ಹಾಗೆಯೇ ಇತ್ತು. ದುರ್ಬೀನು ಅಲುಗಿರಲಿಲ್ಲ. ಕೋವಿಯೂ ಮೆತ್ತನೆಯದು, ಹೆಚ್ಚು ಒದೆಯುವ ಜಾತಿಯದ್ದಲ್ಲ.

"ಟೋಪಿ ತೆಗಿ," ಎಂದ.

ಅವಳು ತೆಗೆಯಲಿಲ್ಲ. ಅವನೇ ಎದ್ದುಹೋಗಿ ತೆಗೆದ. ಹೊಲಿಗೆ ಹಾಕಿದ ಗಾಯ ಕಪ್ಪಗೆ ಊದಿಕೊಂಡಿತ್ತು. ಎಡಹುಬ್ಬಿನ ಮೇಲೆ.

ಟೆಸ್ ಬಲಗೈಯವಳು. ಆರನೇ ವಯಸ್ಸಿನಿಂದ ಬಲಗಣ್ಣಲ್ಲೇ ಗುರಿ ಹಿಡಿದವಳು. ಅವಳ ದುರ್ಬೀನು ಕಚ್ಚುವುದೇ ಆದರೆ ಬಲಹುಬ್ಬನ್ನು ಕಚ್ಚಬೇಕು.

"ಯಾತರಲ್ಲಿ ಹೊಡೆದ?"

"ಅಪ್ಪಾ—"

"ಯಾತರಲ್ಲಿ ಹೊಡೆದ ಅಂತ ಕೇಳಿದೆ."

ಅವಳು ಹಾಸಿಗೆಯ ಕಡೆ ನೋಡಿದಳು. "ಕಾಫಿ ಮಗ್ಗು," ಎಂದಳು. "ಇದು ಮೂರನೇ ಸಲ. ಎರಡನೇ ಸಲ ಪಕ್ಕೆಲುಬು ಹೋಯ್ತಲ್ಲ, ಕುದುರೆ ಒದೀತು ಅಂತ ನಾನಂದಿದ್ನಲ್ಲ? ಅದೂ ಅವನೇ."

"ಇವತ್ತೇ ಇಲ್ಲಿಗೆ ಬಂದುಬಿಡು. ನಾನು ಅವನ್ನ..."

"ನೀನು ಏನೂ ಮಾಡಬೇಡ! ದಮ್ಮಯ್ಯ ಅಂತೀನಿ. ಹೋದ ಸಲ ಬಾರಲ್ಲಿ ಯಾರೋ ಏನೋ ಅಂದ್ರು ಅಂತ ಮನೆಗೆ ಬಂದು ಬಾಗಿಲು ಹಾಕ್ಕೊಂಡ. ಅವನಿಗೆ ಹೊರಗೆ ಏನೇ ಆದ್ರೂ ಕೊನೆಗೆ ಬೀಳೋದು ನನ್ನ ಮೇಲೇ. ಈ ಸಲ ಬಿಟ್ಟುಹೋಗ್ತೀನಿ ಅಂದೆ, ಅದಕ್ಕೇ ಇದು. ಇನ್ನೊಂದು ಸಲ ಅಂದ್ರೆ ಕೊಂದೇಬಿಡ್ತೀನಿ ಅಂದಿದಾನೆ. ಅಂದಿದ್ದು ಮಾಡೋನು ಅಪ್ಪಾ, ನಂಗೊತ್ತು."

ಹೊರಗೆ ಪಿಕಪ್‌ನ ಹಾರನ್ನು ಎರಡು ಸಲ ಕೂಗಿತು. ಟೆಸ್ ಟೋಪಿ ಹಾಕಿಕೊಂಡು ಹೊರಟಳು.

ನಾಲ್ಕು ದಿನ ಆ ಮ್ಯಾಗ್ನಮ್ ಆರ್ವಲ್‌ನ ಮೇಜಿನ ಮೇಲೆ ಮಲಗಿತ್ತು. ಷೆರಿಫ್ ಕಚೇರಿಗೆ ಫೋನು ಮಾಡಿದ. ಅವಳೇ ಬಂದು ದೂರು ಕೊಡಲಿ ಎಂದರು. ಫೋನಿಟ್ಟು, ಕೋವಿಯ ಮುಂದೆ ಕೂತ. ಬ್ರೆಂಟ್‌ನ ಚಾಳಿ ಅವನಿಗೆ ಗೊತ್ತಿತ್ತು. ದುರ್ಬೀನನ್ನು ಯಾವಾಗಲೂ ಕೊನೇ ಅಂಕಿಯ ತನಕ ತಿರುಗಿಸಿಯೇ ನೋಡುವವನು. ಅಷ್ಟು ದೊಡ್ಡದು ಮಾಡಿದಾಗ ಚಿತ್ರ ಸಿಗಬೇಕಾದರೆ ಕಣ್ಣನ್ನು ಇನ್ನೂ ಮುಂದಕ್ಕೆ ತರಬೇಕಾಗುತ್ತದೆ. ಅದರಲ್ಲೂ ಇಳಿಜಾರಿನಲ್ಲಿ ಬೋರಲು ಮಲಗಿ ಮೇಲಕ್ಕೆ ಗುರಿಯಿಟ್ಟರೆ ಕತ್ತು ತಾನಾಗಿಯೇ ಮುಂದೆ ಚಾಚುತ್ತದೆ. ಆರ್ವಲ್ ದುರ್ಬೀನನ್ನು ಇರಬೇಕಾದ್ದಕ್ಕಿಂತ ಒಂದೂವರೆ ಇಂಚು ಹಿಂದಕ್ಕೆ, ಕಣ್ಣಿನ ಕಡೆಗೆ ಕೂರಿಸಿದ. ಬಳೆಗಳನ್ನು ಬಿಗಿದ. ತಾನೇ ತಲೆ ಹಿಂದಕ್ಕಿಟ್ಟುಕೊಂಡು ಮೂರು ಗುಂಡು ಹೊಡೆದು ಗುರಿ ಸರಿಪಡಿಸಿದ. ಉಗುರುಬಣ್ಣದ ಸೀಸೆಯ ಮುಚ್ಚಳ ತೆಗೆದವನು ಹಾಗೇ ಮುಚ್ಚಿದ. ಹುಬ್ಬು ಸೀಳಿದರೆ ಹೇಗಿರುತ್ತದೆಂದು ಬ್ರೆಂಟ್‌ಗೂ ಒಂದು ಸಲ ಗೊತ್ತಾಗಲಿ, ಅಷ್ಟೇ ಸಾಕು ಎಂದುಕೊಂಡ. ಮಗಳು ಹೇಳಿದ ಮಾತನ್ನು ಆ ಹೊತ್ತಿಗೆ ಬೇಕೆಂದೇ ಮರೆತ.

ಶುಕ್ರವಾರ ಬ್ರೆಂಟ್ ಬಂದು, ನಿಂತಲ್ಲೇ ಭುಜಕ್ಕೇರಿಸಿ ದುರ್ಬೀನಿನಲ್ಲಿ ಹೊರಗಿನ ಬೇಲಿ ನೋಡಿದ. "ಹಾಂ, ಮಸ್ತಾಗಿದೆ," ಎಂದ. ಹಾಸಿಗೆಯ ಕಡೆ ನೋಡಿ ಕಣ್ಣು ಮಿಟುಕಿಸಿದ. "ನಿದ್ದೆ ಮಾಡೋಕೆ ಆಮೇಲೆ ಬರ್ತೀನಿ ಬಿಡಿ."

"ನಾನೂ ಬರ್ತೀನಿ ನಾಳೆ," ಎಂದ ಆರ್ವಲ್.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಸೇಜ್ ಪೊದೆಗಳ ನಡುವೆ ಒಂದು ಇಳಿಜಾರಿನಲ್ಲಿ ಮಲಗಿದ್ದರು. ಎದುರಿನ ಗುಡ್ಡದ ಮೇಲ್ಭಾಗದಲ್ಲಿ, ಪೈನ್ ಮರಗಳ ಅಂಚಿಗೆ ಆರು ಕವಲಿನ ಕೊಂಬಿನ, ಕಡವೆಯಂಥ ಗಂಡು ಎಲ್ಕೊಂದು ಹೊರಬಂದು ಮೇಯತೊಡಗಿತ್ತು. ಟೆಸ್ ದೂರ ಅಳೆಯುವ ಯಂತ್ರ ಕಣ್ಣಿಗಿಟ್ಟು, "ನಾನೂರ ಅರವತ್ತು ಗಜ. ಗಾಳಿ ಎಡದಿಂದ," ಎಂದಳು.

"ನಂದು," ಎಂದ ಬ್ರೆಂಟ್. "ಮುಟ್ಟಿದ್ರೆ ನೋಡು ನೀನು." ದುರ್ಬೀನನ್ನು ಕೊನೇ ಅಂಕಿಯ ತನಕ ತಿರುಗಿಸಿದ. ಅಂಚು ಕಪ್ಪಾಗಿ ಕಂಡಿರಬೇಕು, ಗೊಣಗುತ್ತಾ ಮೊಣಕೈ ಮೇಲೆ ತೆವಳಿ ಮುಂದಕ್ಕೆ ಸರಿದ. ಇನ್ನೂ ಸ್ವಲ್ಪ ಸರಿದ. ಆರ್ವಲ್‌ಗೆ ಬೇಡ ಎಂದು ಕೂಗಬೇಕೆನಿಸಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಕೋವಿ ಗುಡುಗಿತು.

ಬ್ರೆಂಟ್ ಎರಡೂ ಕೈಯಿಂದ ಮುಖ ಹಿಡಿದುಕೊಂಡು ಮಗುಚಿದ. ಬೆರಳ ಸಂದಿಯಿಂದ ರಕ್ತ ದಳದಳನೆ ಗಡ್ಡಕ್ಕಿಳಿಯಿತು. ಕತ್ತು ಚಾಚಿ ಹಿಡಿದ ಗುರಿ ತಪ್ಪಿ, ಎದುರು ಗುಡ್ಡದಲ್ಲಿ ಗುಂಡು ಎಲ್ಕಿನ ಎದೆಗೆ ಬೀಳದೆ ಹಿಂಬದಿಗೆ ಬಿದ್ದಿತ್ತು. ಹಿಂಗಾಲು ಮುರಿದು ಚರ್ಮದಲ್ಲಿ ಜೋತಾಡುತ್ತಿತ್ತು. ಹೊಟ್ಟೆ ಸೀಳಿ ಕರುಳಿನ ಒಂದು ಸುರುಳಿ ಪೊದೆಗೆ ಸಿಕ್ಕಿಕೊಂಡಿತ್ತು. ಪ್ರಾಣಿ ಮುಂಗಾಲಿನ ಮೇಲೆ ಎದ್ದು, ಬಿದ್ದು, ಮತ್ತೆ ಎದ್ದು ತನ್ನನ್ನು ತಾನೇ ಎಳೆದುಕೊಂಡು ಮರಗಳ ಕಡೆ ಹೊರಟಿತು. ಅದರ ಕೂಗು ಕಣಿವೆ ದಾಟಿ ಇಲ್ಲಿಗೂ ಕೇಳಿಸಿತು.

ಟೆಸ್ ತನ್ನ ಕೋವಿಗೆ ಕೆನ್ನೆ ಆನಿಸಿದ್ದಳು. ಅಷ್ಟರಲ್ಲಿ ಬ್ರೆಂಟ್ ಎದ್ದ. ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು.

"ನೀನು ಮುಟ್ಟಿದೀಯ ನನ್ನ ಕೋವೀನ! ನೀನೇ!" ಎನ್ನುತ್ತಾ ಮಲಗಿದ್ದವಳ ಪಕ್ಕೆಗೆ ಬೂಟುಗಾಲಿನಲ್ಲಿ ಒದ್ದ. ಹಳೇ ಪೆಟ್ಟು ಬಿದ್ದಿದ್ದ ಪಕ್ಕೆಗೇ. ಅವಳು ಹಾಂ ಎಂದು ಮುದುಡಿಕೊಂಡಳು. ಅವನು ಮತ್ತೆ ಒದ್ದ.

"ನಾನು ಕಣೋ!" ಎಂದು ಆರ್ವಲ್ ಅರಚಿದ. "ನಾನು ಮಾಡಿದ್ದು. ಅವಳಿಗೇನೂ ಗೊತ್ತಿಲ್ಲ. ಬಾ ಇಲ್ಲಿ, ನನ್ನ ಹತ್ರ ಬಾ!"

ಬ್ರೆಂಟ್ ತಿರುಗಿದ. ಮಾವನಿಗೆ ನೀವು ಎನ್ನುತ್ತಿದ್ದ ಬಾಯಿ ಅದು. "ಲೋ ಮುದಿನಾಯಿ," ಎಂದು ಮ್ಯಾಗ್ನಮ್‌ನ ನಳಿಗೆ ಹಿಡಿದು ಕೋವಿಯನ್ನೇ ಬೀಸಿದ. ಹಿಂಬದಿಯ ಮರ ಆರ್ವಲ್‌ನ ದವಡೆಗೆ ಬಡಿಯಿತು. ಬಾಯಲ್ಲಿ ಹಲ್ಲು ಮುರಿದ ಸದ್ದು ಅವನಿಗೇ ಕೇಳಿಸಿತು. ಕೆಳಗೆ ಬಿದ್ದವನ ಭುಜಕ್ಕೆ ಎರಡನೇ ಪೆಟ್ಟು ಬಿತ್ತು. ಮೂರನೆಯದಕ್ಕೆ ಬ್ರೆಂಟ್ ಕೋವಿಯನ್ನು ತಲೆಯ ಮೇಲೆತ್ತಿದ. ಇದು ತಲೆಗೇ ಎಂದು ಆರ್ವಲ್‌ಗೆ ಗೊತ್ತಾಯಿತು.

ಢಮ್ ಎಂದಿತು.

ಬ್ರೆಂಟ್ ಎತ್ತಿದ ಕೈ ಎತ್ತಿದಂತೆಯೇ ನಿಂತ. ಆರ್ವಲ್ ಅವನ ಎದೆ ನೋಡಿದ, ಹೊಟ್ಟೆ ನೋಡಿದ. ಅಯ್ಯೋ ಮಗಳೇ, ಏನು ಮಾಡಿಬಿಟ್ಟೆ ಎಂದುಕೊಂಡ. ಬ್ರೆಂಟ್ ಕೂಡ ತಲೆ ತಗ್ಗಿಸಿ ತನ್ನ ಅಂಗಿಯನ್ನೇ ನೋಡಿಕೊಳ್ಳುತ್ತಿದ್ದ. ಅಲ್ಲಿ ಹುಬ್ಬಿನಿಂದ ಇಳಿದ ರಕ್ತವಿತ್ತೇ ಹೊರತು ಬೇರೇನೂ ಇರಲಿಲ್ಲ.

ಎದುರು ಗುಡ್ಡದಲ್ಲಿ ಎಲ್ಕ್ ಕುತ್ತಿಗೆ ಚಾಚಿ ಬಿದ್ದಿತ್ತು. ಈಗ ಕೂಗುತ್ತಿರಲಿಲ್ಲ. ಟೆಸ್ ಖಾಲಿ ತೋಟೆಯನ್ನು ಹೊರಕ್ಕೆ ಚಿಮ್ಮಿಸಿ ಇನ್ನೊಂದನ್ನು ನಳಿಗೆಗೆ ತುಂಬಿದಳು. ಪಕ್ಕೆ ಹಿಡಿದುಕೊಂಡು ಎದ್ದು ಕೂತು, ಕೋವಿಯನ್ನು ಇತ್ತ ತಿರುಗಿಸಿದಳು. ಅವಳ ಬಲಹುಬ್ಬಿನ ಮೇಲೆ ಒಂದು ಗೀರೂ ಇರಲಿಲ್ಲ.

"ಕೆಳಗಿಡು ಅದನ್ನ," ಎಂದಳು.

"ಟೆಸ್, ಸುಮ್ನೆ ಹುಡುಗಾಟ—"

"ಇನ್ನೂ ಮೂರು ಇವೆ ಬ್ರೆಂಟ್. ಅಷ್ಟು ದೂರಕ್ಕೇ ಗುರಿ ತಪ್ಪಲಿಲ್ಲ ನಾನು. ನೀನಿರೋದು ಹತ್ತು ಹೆಜ್ಜೇಲಿ."

ಅವನು ಕೋವಿ ಕೆಳಗಿಟ್ಟ. ಅವಳ ಬೆರಳು ಎಲ್ಲಿದೆಯೆಂದು ಒಮ್ಮೆ ನೋಡಿದ. ಎಡವುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಇಳಿಜಾರು ಇಳಿದು ಹೋದ. ಕೆಳಗೆ ರಸ್ತೆಯಲ್ಲಿ ಅವನ ಪಿಕಪ್ ಹೊರಟ ಸದ್ದು ಕೇಳುವ ತನಕ ಟೆಸ್ ಕೋವಿ ಇಳಿಸಲಿಲ್ಲ. ಇಳಿಸಿದ ಮೇಲೆ ತೋಟೆಗಳನ್ನು ಒಂದೊಂದಾಗಿ ಹೊರತೆಗೆದಳು.

ಎಲ್ಕ್ ಬಿದ್ದಲ್ಲಿಗೆ ತಲುಪಲು ಇಬ್ಬರಿಗೂ ಒಂದು ಗಂಟೆ ಹಿಡಿಯಿತು. ಅದು ತನ್ನನ್ನು ಎಳೆದುಕೊಂಡು ಹೋದ ಉದ್ದಕ್ಕೂ ಒಣಹುಲ್ಲು ಕೆಂಪಾಗಿತ್ತು. ಟೆಸ್ ಚಾಕು ತೆಗೆಯಲಿಲ್ಲ. ಬ್ರೆಂಟ್ ಬಿಟ್ಟುಹೋದ ಮ್ಯಾಗ್ನಮ್ ಅವಳ ಹೆಗಲಲ್ಲಿತ್ತು. ಅದನ್ನಿಳಿಸಿ ದುರ್ಬೀನಿನ ಬಳೆಗಳನ್ನು ನೋಡಿದಳು. ಎರಡನ್ನೂ ಬೆರಳಿನಿಂದ ಸವರಿದಳು.

"ಗೆರೆ ಎಳೆದಿಲ್ಲ," ಎಂದಳು.

ಆರ್ವಲ್ ಬಾಯಲ್ಲಿದ್ದ ರಕ್ತ ಉಗಿದ. "ಇಲ್ಲ."

"ಹಾಸಿಗೆ ಮೇಲೂ ಮಲಗಿಸಲಿಲ್ಲ."

"ಇಲ್ಲ."

"ನಾನು ಹೇಳಿರ್ಲಿಲ್ವಾ ಅಪ್ಪಾ, ಏನೂ ಮಾಡಬೇಡ ಅಂತ?" ಅವಳು ಎಲ್ಕಿನ ಮುರಿದ ಕಾಲಿನ ಕಡೆ ಕೈ ತೋರಿಸಿದಳು. "ಇದೇನು ಮಾಡಿತ್ತು ನಿಂಗೆ?"

ನಲವತ್ತು ವರ್ಷ ಒಂದೇ ಗುಂಡಿಗೆ ಪ್ರಾಣಿ ಬೀಳಲಿ ಎಂದು ಕೋವಿ ಹೊಂದಿಸಿದವನು ಆರ್ವಲ್. ಮುಖ ಮುಚ್ಚಿಕೊಂಡು, ಊದಿದ ದವಡೆಯ ನೋವಿಗಿಂತ ಹೆಚ್ಚಿನ ನಾಚಿಕೆಯಿಂದ ಅತ್ತ. ಟೆಸ್ ಅವನನ್ನು ಸಮಾಧಾನ ಮಾಡಲಿಲ್ಲ. "ಕಾಲು ಹಿಡಿ, ಮಾಂಸ ಕೆಡುತ್ತೆ," ಎಂದಳು. ಅಪ್ಪ ಕಾಲು ಹಿಡಿದ, ಮಗಳು ಚಾಕು ಹಾಕಿದಳು. ಮಾಂಸವನ್ನು ನಾಲ್ಕು ಸಲ ಹೊತ್ತು ಇಳಿಸಿ ಆರ್ವಲ್‌ನ ಪಿಕಪ್‌ಗೆ ಹಾಕಿದರು. ದಾರಿಯಲ್ಲಿ ಅವಳೇ ಷೆರಿಫ್ ಕಚೇರಿಯ ಮುಂದೆ ನಿಲ್ಲಿಸಲು ಹೇಳಿದಳು. ಒಳಗೆ ಹೋಗುವಾಗ ಟೋಪಿ ತೆಗೆದು ಸೀಟಿನ ಮೇಲೆ ಇಟ್ಟುಹೋದಳು.

ಅಂಗಡಿ ತಲುಪಿದಾಗ ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಆರ್ವಲ್ ಬಾಗಿಲಿಗೆ ಅಗುಳಿ ಹಾಕಿ, ಮೊದಲ ಸಲ ಅದರ ಹಿಂದೆ ಕಬ್ಬಿಣದ ಪೆಟ್ಟಿಗೆಯನ್ನೂ ಎಳೆದಿಟ್ಟ. ಮಗಳ ಪಕ್ಕೆಗೆ ಇಡಲು ಬಟ್ಟೆಯಲ್ಲಿ ಐಸು ಸುತ್ತಿ ತಂದು ನೋಡಿದರೆ ಅವಳು ಮೂಲೆಯ ಹಾಸಿಗೆಯ ಮೇಲೆ ಬೂಟು ಸಹ ಬಿಚ್ಚದೆ ಮಲಗಿಬಿಟ್ಟಿದ್ದಳು. ಕೆನ್ನೆಯನ್ನು ಕೈಗೆ ಆನಿಸಿದ್ದಳು. ಕಣ್ಣು ಮುಚ್ಚಿತ್ತು.

ಆರ್ವಲ್ ಐಸಿನ ಗಂಟು ಹಿಡಿದು ಪಕ್ಕದಲ್ಲಿ ಮೊಣಕಾಲೂರಿ ಕೂತ. ಆ ಹಾಸಿಗೆಯ ಮೇಲೆ ಮಲಗಿದ ಯಾರನ್ನೂ ಅವನು ಅಷ್ಟು ಹೊತ್ತು ಕಣ್ಣು ಮುಚ್ಚಿರಲು ಬಿಟ್ಟವನಲ್ಲ. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವನ ಪ್ಯಾಂಟು ತೋಯುತ್ತಿತ್ತು. ಅವನು ಅಲ್ಲಾಡದೆ ಕೂತೇ ಇದ್ದ.