ಎಮ್ಮಾಹುವಿಗೆ ಎಷ್ಟು ದೂರ

ವಿಶಾಖಾ ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಹಳ್ಳಿಗಳ ನಕ್ಷೆ ಬರೆದು ನಿವೃತ್ತಳಾದವಳು. ಬಸವನಗುಡಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಮನೋಹರ್ ಅವಳನ್ನು ಹುಡುಕಿಕೊಂಡು ಓಕಳಿಪುರಂಗೆ ಬಂದ. ಬೈಬಲಿನ ಊರುಗಳ ಬಗ್ಗೆ ಪುಸ್ತಕ ಬರೆದಿದ್ದ. ಕೈಯಲ್ಲಿ ಬರೆದ ನಕ್ಷೆ ಬೇಕಿತ್ತು.

"ಇಷ್ಟು ಹಳೇ ಊರುಗಳು ಎಲ್ಲಿದ್ವು ಅಂತ ಹೆಂಗ್ ಗೊತ್ತಾಯ್ತು ಸರ್?"

"ವಿದ್ವಾಂಸರು ಹೆಸರು ವಿಚಾರಿಸ್ಕೊಂಡು ಹೋದ್ರು ಮೇಡಂ. ಅಲ್ಲಿನೋರು ಅಲ್-ಜೀಬ್ ಅಂತಿದ್ದ ಹಳ್ಳೀನೇ ಬೈಬಲಿನ ಗಿಬ್ಯೋನ್ ಇರ್ಬಹುದು ಅಂದ್ಕೊಂಡ್ರು. ಆಮೇಲೆ ಅಗೆದಾಗ ಮಡಕೆ ಹಿಡಿಗಳ ಮೇಲೆ ಆ ಹೆಸರೇ ಕೆತ್ತಿತ್ತು."

ವಿಶಾಖಾಳ ಮುಖ ಅರಳಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶಿರಾ ಕಡೆ, ದಾಖಲೆಯಲ್ಲಿ ಮಾತ್ರ ಉಳಿದಿದ್ದ ಒಂದು ಊರನ್ನು ಹುಡುಕಿ ಅವಳೂ ಅಲೆದಿದ್ದಳು. ಕುರಿ ಕಾಯುತ್ತಿದ್ದ ಮಾರಕ್ಕ ಎಂಬ ಮುದುಕಿ "ಅದೇ ಹಾಳೂರು ದಿಬ್ಬ ಕಣವ್ವ" ಎಂದು ಕೋಲು ಚಾಚಿದ್ದಳು. ಹತ್ತಿ ನೋಡಿದರೆ ಕಾಲಡಿಯೆಲ್ಲ ಮಡಕೆ ಚೂರು. ಅದು ನೆನಪಾಗಿ, ಮನೋಹರನ ಪುಸ್ತಕಕ್ಕೆ ನಕ್ಷೆ ಬರೆಯಲು ಅವಳು ಆಗಲೇ ಒಪ್ಪಿಕೊಂಡಳು.

ಮೂರು ವಾರದಲ್ಲಿ ನಲವತ್ತೊಂದು ಊರುಗಳು ಕಾಗದಕ್ಕೆ ಇಳಿದವು. ನಲವತ್ತೆರಡನೆಯದು ಎಮ್ಮಾಹು. ಯೇಸು ಸತ್ತು ಮತ್ತೆ ಎದ್ದು ಬಂದ ದಿನ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಅಲ್ಲಿಗೆ ನಡೆದರು. ದಾರಿಯಲ್ಲಿ ಜೊತೆಯಾದವನು ಯೇಸುವೇ ಎಂದು ಊಟಕ್ಕೆ ಕೂತಾಗ ಗುರುತು ಹಿಡಿದು, ಆಗಲೇ ಎದ್ದು ವಾಪಸ್ಸು ಹೊರಟರು. ದೂರ, ಇಂದಿನ ಲೆಕ್ಕದಲ್ಲಿ, ಹನ್ನೊಂದು ಕಿಲೋಮೀಟರ್ ಎನ್ನುತ್ತವೆ ಬೈಬಲಿನ ಹೆಚ್ಚಿನ ಹಸ್ತಪ್ರತಿಗಳು. ಮೂವತ್ತು ಎನ್ನುತ್ತವೆ ಕೆಲವು. ವಿದ್ವಾಂಸರು ಹೇಳುವ ಜಾಗಗಳಲ್ಲಿ ಮುಖ್ಯವಾದ ಮೂರಕ್ಕೂ ವಿಶಾಖಾ ಚುಕ್ಕಿಯ ಬದಲು, ಖಚಿತವಿಲ್ಲ ಎಂಬ ಗುರುತಾಗಿ ಖಾಲಿ ಸೊನ್ನೆ ಸುತ್ತಿದಳು.

ಅವೆನ್ಯೂ ರಸ್ತೆಯ ಪ್ರಕಾಶಕ ವೆಂಕಟಾಚಲ ಅದನ್ನು ನೋಡಿ ಮುಖ ಸಿಂಡರಿಸಿದರು. "ಒಂದೂರಿಗೆ ಮೂರು ಗುರುತಾ? ಜನ ನಗ್ತಾರಮ್ಮ. ಒಂದೇ ಹಾಕ್ಬಿಡಿ."

"ಸಾಕ್ಷಿ ಇಲ್ದೆ ನಾನು ಚುಕ್ಕಿ ಇಟ್ಟೋಳಲ್ಲ. ಒಂದೇ ಬೇಕು ಅಂದ್ರೆ ನನ್ನ ಹೆಸರು ಹಾಕ್ಬೇಡಿ."

"ಸರಿ, ಯೆರೂಸಲೇಮಿಗೆ ಯಾವುದು ಹತ್ರ?"

"ಇದು. ನಮ್ಮಿಲ್ಲಿಂದ ಕೆಂಗೇರಿಗೆ ಇರೋದಕ್ಕಿಂತ ಕಮ್ಮಿ ದೂರ. ಆ ತುದೀದು ಬಿಡದಿಯಷ್ಟು ದೂರ."

"ಬಿಡದಿಗೆ ನಡೆದು ಅವತ್ತೇ ವಾಪಸ್ ಬರೋಕಾಗುತ್ತೇನ್ರೀ? ಹತ್ರದ್ದೇ ಸರಿ."

"ಆದ್ರೆ ಹೆಸರು ಉಳ್ಕೊಂಡಿದ್ದು ದೂರದ ಊರಲ್ಲೇ ಸರ್, ಇಮ್ವಾಸ್ ಅಂತ," ಎಂದ ಜೊತೆಗೆ ಬಂದಿದ್ದ ಮನೋಹರ್.

ವೆಂಕಟಾಚಲ ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಾಗಿದರು. "ಸತ್ತೋರು ಎದ್ದು ಬಂದಿದ್ದನ್ನ ಕಣ್ಣಾರೆ ಕಂಡೋರು. ಆ ಸಂತೋಷದಲ್ಲಿ ಬಿಡದಿ ಏನು, ಚನ್ನಪಟ್ಟಣದಿಂದ್ಲೂ ಬಂದಾರು!" ಎಂದು ತಮ್ಮ ಮಾತನ್ನು ತಾವೇ ತಿರುಗಿಸಿದರು. ಅಂಗಡಿಗೆ ಬಂದ ಗಿರಾಕಿಗಳು ನಿಂತೇ ಇದ್ದರು, ಕಾಫಿ ಕೆನೆಗಟ್ಟಿತು. ಕೊನೆಗೆ ಅವರು ನಕ್ಕು ಹಟ ಕೈಬಿಟ್ಟರು: "ಮೂರೂ ಇರ್ಲಿ. ಓದೋರೂ ಸ್ವಲ್ಪ ಕಿತ್ತಾಡ್ಲಿ."

ಪುಸ್ತಕ ಬಂತು. ನಕ್ಷೆಯ ಕೆಳಗೆ "ರಚನೆ: ವಿಶಾಖಾ" ಎಂದಿತ್ತು. ಇಲಾಖೆಯ ನಕ್ಷೆಗಳ ಮೇಲೆ ಸಾಹೇಬರ ಸಹಿ ಮಾತ್ರ ಇರುತ್ತಿತ್ತು. ಅವಳು ಆ ಎರಡು ಪದಗಳನ್ನು ನಾಲ್ಕು ಸಲ ಓದಿದಳು.

ಮುಂದಿನ ಭಾನುವಾರ ಬೆಳಿಗ್ಗೆ, ಹನ್ನೊಂದು ಕಿಲೋಮೀಟರ್ ಎಂದರೆ ಕಾಲಿಗೆ ಎಷ್ಟು ಎಂದು ನೋಡಿಯೇ ಬಿಡೋಣವೆಂದು ಅವಳು ಮೈಸೂರು ರಸ್ತೆ ಹಿಡಿದಳು. ರಾಜರಾಜೇಶ್ವರಿನಗರದ ಹತ್ತಿರ ಕಟ್ಟೆಯೊಂದರ ಮೇಲೆ ಕೂತು, ಎಳನೀರು ಕುಡಿದು ಮನೋಹರ್‌ಗೆ ಫೋನ್ ಮಾಡಿದಳು.

"ಮೂರು ಗಂಟೆ ಹಿಡೀತು ಸರ್. ಹೋಗೋದು ಆರಾಮಾಗಿ ಹೋಗ್ಬಹುದು."

"ವಾಪಸ್ಸು?"

"ನನ್ ಕೈಲಾಗಲ್ಲಪ್ಪ, ಮೆಟ್ರೋ ಹತ್ತೀನಿ," ಎಂದು ಅವಳು ಜೋರಾಗಿ ನಕ್ಕಳು.